ಮಗಳಿಗೆ ‘ಶಾಂತಲಾ’ ಅಂತ ಹೆಸರಿಡಬಹುದಾ? ಅರ್ಥ ಏನು, ಈಗಲೂ ಯಾರಾದರೂ ಇಡುತ್ತಾರಾ?

ಧಾರಾಳವಾಗಿ ಇಡಿ. ‘ಆ ರಾಣಿ ಬೆಟ್ಟದಿಂದ ಹಾರಿ ಸತ್ತಳಂತೆ, ಆ ಹೆಸರು ಬೇಡ’ ಅಂತ ನಿಮ್ಮ ಅತ್ತೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಆ ರಾಣಿ ಅಂದರೆ ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ. ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇನೆ. ನನ್ನ ಅಕ್ಕನ ಹೆಸರೂ ಶಾಂತಲಾ. ಹಾಗಾಗಿ ಈ ಹೆಸರಿನ ಪರ ವಕಾಲತ್ತು ವಹಿಸಿ ನನಗೆ ಅಭ್ಯಾಸವಾಗಿದೆ!

ಅರ್ಥ ಸುಲಭ. ಶಾಂತ ಸ್ವಭಾವದವಳು, ಸಮಾಧಾನಿ. ಶಾಂತಾ, ಶಾಂತಿ, ಶಾಂತಲಾ ಎಲ್ಲ ಒಂದೇ ಬುಡದಿಂದ ಬಂದವು. ಆದರೆ ಮಜಾ ಇರುವುದು ಕೊನೆಯ ‘ಲ’ದಲ್ಲಿ. 11–12ನೇ ಶತಮಾನದ ನಮ್ಮ ಅರಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಈ ‘ಲ’ ಆಗಿನ ಫ್ಯಾಷನ್ ಇದ್ದಿರಬೇಕು. ಕಲ್ಯಾಣದ ಚಾಲುಕ್ಯರಲ್ಲಿ ಕೇತಲದೇವಿ, ಚಂದಲದೇವಿ, ಮೈಲಲದೇವಿ ಇದ್ದಾರೆ. ಹೊಯ್ಸಳರ ಕಡೆ ಬನ್ನಿ: ವಿಷ್ಣುವರ್ಧನನ ತಾಯಿ ಏಚಲದೇವಿ, ಅತ್ತಿಗೆ ಪದ್ಮಲದೇವಿ, ಶಾಂತಲೆಯ ಸವತಿ ಬಮ್ಮಲದೇವಿ. ಈಗ ಯಾರಾದರೂ ಮಗಳಿಗೆ ಬಮ್ಮಲಾ ಅಂತ ಇಡುತ್ತಾರಾ? ಅಷ್ಟು ಜನರಲ್ಲಿ ಇವತ್ತಿನ ಮನೆಗಳವರೆಗೆ ನಡೆದುಬಂದವಳು ಶಾಂತಲೆ ಒಬ್ಬಳೇ.

ಅದಕ್ಕೆ ಮೊದಲ ಕಾರಣ ಕಲ್ಲು. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಅದೇ ಅಂಗಳದಲ್ಲಿ ಪಕ್ಕಕ್ಕೇ ಇರುವ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ಹಳೇಬೀಡಿನ ಜೋಡಿ ಗುಡಿಯಲ್ಲಿ ಒಂದು ಹೊಯ್ಸಳೇಶ್ವರ, ಇನ್ನೊಂದು ಅವಳ ಹೆಸರಿನ ಶಾಂತಲೇಶ್ವರ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಒಂದು ಬಸದಿ ಕಟ್ಟಿಸಿದಳು, ಒಳಗಿರುವ ತೀರ್ಥಂಕರ ಶಾಂತಿನಾಥ. ವಿಷ್ಣು, ಶಿವ, ಜಿನ ಮೂವರ ಕಡೆಯೂ ಅವಳ ಹೆಸರಿದೆ. ಅಪ್ಪ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಹಾಗಾಗಿ ‘ಇದು ಅವರ ಪೈಕಿ ಹೆಸರು, ನಮ್ಮದಲ್ಲ’ ಅಂತ ಯಾರೂ ಹೇಳುವ ಹಾಗಿಲ್ಲ. ಹೆಸರಿಡುವಾಗ ಇದೂ ಒಂದು ಅನುಕೂಲ ಅಲ್ವಾ?

ಅಂದ ಹಾಗೆ, ಆ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಅದು ಶಾಂತಲೆಯದೇ ಬಿರುದು. ಸೊಕ್ಕಿದ ಸವತಿಯರ ಪಾಲಿಗೆ ಮದವೇರಿದ ಆನೆ ಅಂತ ಅರ್ಥ. ಹೆಸರು ಶಾಂತಲೆ, ಬಿರುದು ಮದದಾನೆ! ನನ್ನ ಅಕ್ಕನನ್ನು ನೋಡಿದವರಿಗೆ ಇದೇನೂ ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಎರಡನೇ ಕಾರಣ ಕಥೆಗಳು. ಬೇಲೂರಿನ ದರ್ಪಣಸುಂದರಿಯ ಮುಂದೆ ನಿಂತರೆ ‘ಇದಕ್ಕೆ ಶಾಂತಲೆಯೇ ಮಾದರಿ’ ಎನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಅದಕ್ಕೆ ಶಾಸನದ ಆಧಾರ ಇಲ್ಲ. ಆದರೆ ಹಾಡು, ಕುಣಿತ ಎರಡರಲ್ಲೂ ಅವಳು ಗಟ್ಟಿಗಳು ಅಂತ ಶಾಸನಗಳೇ ಹೊಗಳುತ್ತವೆ. ರಾಜ್ಯ ಸರ್ಕಾರ ನೃತ್ಯಕ್ಕೆ ಕೊಡುವ ಪ್ರಶಸ್ತಿಗೆ ಶಾಂತಲಾ ನಾಟ್ಯಶ್ರೀ ಅಂತ ಹೆಸರಿಟ್ಟಿರುವುದು ಇದಕ್ಕೇ. ಕಳೆದ ಶತಮಾನದಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಬಂದು ಅವಳನ್ನು ಓದುವ ಮನೆಗಳ ಒಳಗೂ ತಂದಿತು. ಶಾಸನದ ರಾಣಿ ಮನೆಮಗಳ ಹೆಸರಾದದ್ದರಲ್ಲಿ ಆ ಕಾದಂಬರಿಯ ಪಾಲು ದೊಡ್ಡದು ಅಂತ ನನ್ನ ಲೆಕ್ಕ.

ಈಗ ಅತ್ತೆಯವರ ಮಾತು. ಶಾಂತಲೆ ತೀರಿಕೊಂಡದ್ದು 1131ರಲ್ಲಿ, ಶಿವಗಂಗೆಯಲ್ಲಿ. ಇದು ಶಾಸನದಲ್ಲಿದೆ. ಮಗಳ ಸಾವು ತಾಳಲಾರದೆ ಮಾಚಿಕಬ್ಬೆ ಉಪವಾಸವಿದ್ದು ಸಲ್ಲೇಖನದಿಂದ ಪ್ರಾಣ ಬಿಟ್ಟದ್ದೂ ಶ್ರವಣಬೆಳಗೊಳದ ಶಾಸನದಲ್ಲಿದೆ. ಬೆಟ್ಟದಿಂದ ಹಾರಿದಳು ಅನ್ನುವುದು ಮಾತ್ರ ಜನರ ಬಾಯಲ್ಲಿ ಬೆಳೆದ ಕಥೆ. ಶಿವಗಂಗೆಯ ತುದಿಯಲ್ಲಿ ಶಾಂತಲಾ ಡ್ರಾಪ್ ಅಂತ ಜಾಗವೇ ಇರುವಾಗ ಜನ ನಂಬದೆ ಇನ್ನೇನು ಮಾಡುತ್ತಾರೆ, ಬಿಡಿ. ಅತ್ತೆಯವರ ಹತ್ತಿರ ವಾದ ಮಾಡಲು ಹೋಗಬೇಡಿ. ಅವಳು ಕಟ್ಟಿಸಿದ ಗುಡಿಗೆ ಒಮ್ಮೆ ಕರೆದುಕೊಂಡು ಹೋಗಿ, ಸಾಕು.

ಚಾಲ್ತಿಯ ಬಗ್ಗೆ ಹೇಳುವುದಾದರೆ, ಶಾಂತಲಾ ಎಂದಾಕ್ಷಣ ನನಗೆ ನೆನಪಾಗುವವರೆಲ್ಲ ನಲವತ್ತು ದಾಟಿದವರು. ಈಗಿನ ಅಪ್ಪ ಅಮ್ಮಂದಿರಿಗೆ ಎರಡಕ್ಷರದ ಹೆಸರೇ ಜಾಸ್ತಿ ಇಷ್ಟ. ಹಾಗಾಗಿ ನಿಮ್ಮ ಮಗಳ ತರಗತಿಯಲ್ಲಿ ಇನ್ನೊಬ್ಬ ಶಾಂತಲಾ ಸಿಗುವುದು ಕಷ್ಟ. ನನಗೇನೋ ಇದು ಒಳ್ಳೇದೇ ಅನ್ನಿಸುತ್ತದೆ.

ಒಂದೇ ತೊಂದರೆ. ಕರ್ನಾಟಕದಿಂದ ಆಚೆ ಹೋದರೆ ಇದನ್ನು ಶಕುಂತಲಾ ಅಂತಲೇ ಕೇಳಿಸಿಕೊಳ್ಳುತ್ತಾರೆ. ಅಕ್ಕನಿಗೆ ರೈಲಿನ ಟಿಕೆಟ್ಟೂ ಹಾಗೇ ಬಂದಿತ್ತು, ಆಸ್ಪತ್ರೆಯ ಚೀಟಿಯೂ ಹಾಗೇ ಬಂದಿತ್ತು. ಈಗ ಫೋನಿನಲ್ಲಿ ಹೆಸರು ಹೇಳುವಾಗ ಅವಳು ಮೊದಲೇ ‘ಶಾಂತಿ ಇದೆಯಲ್ಲ, ಅದರ ಶಾಂತ, ಆಮೇಲೆ ಲಾ’ ಅಂತ ಬಿಡಿಸಿ ಹೇಳುತ್ತಾಳೆ. ಜನನ ಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಒಮ್ಮೆ ಓದಿ ನೋಡಿಕೊಳ್ಳಿ.