ಬಾಯಿ ಒಂದು ಕಡೆ ಎಳೆದುಕೊಂಡರೆ ಲಕ್ವವೇ?

ಅಣ್ಣನಿಗೆ ಬೆಳಿಗ್ಗೆಯಿಂದ ಬಾಯಿ ಎಡಕ್ಕೆ ಎಳೆದುಕೊಂಡಿದೆ, ಬಲಗಣ್ಣು ಮುಚ್ಚುತ್ತಿಲ್ಲ, ಕಿವಿ ಹಿಂದೆ ನೋವು, ಇದು ಲಕ್ವವಾ ಅಂತ ಕೇಳಿದ್ದೀರಿ.

ಮೊದಲು ಕೈಕಾಲು, ಮಾತು ನೋಡಿ. ಒಂದು ಕೈಯಲ್ಲಿ ಬಲ ಇಲ್ಲ, ಮಾತು ತೊದಲುತ್ತಿದೆ, ಎರಡೆರಡು ಕಾಣುತ್ತಿದೆ, ನಡೆದರೆ ವಾಲುತ್ತಾರೆ ಅಂದ್ರೆ ಇದನ್ನು ಓದುತ್ತಾ ಕೂರಬೇಡಿ, ತಕ್ಷಣ ಆಂಬುಲೆನ್ಸ್ ಕರೆಯಿರಿ. ಸ್ಟ್ರೋಕ್‌ನಲ್ಲಿ, ಅಂದ್ರೆ ಮಿದುಳಿನ ಆಘಾತದಿಂದ ಆಗುವ ಲಕ್ವದಲ್ಲಿ, ಒಂದೊಂದು ನಿಮಿಷವೂ ಲೆಕ್ಕ.

ಅದ್ಯಾವುದೂ ಇಲ್ವಾ? ಹುಬ್ಬು ಮೇಲೆತ್ತಲು ಹೇಳಿ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಹಾಗಾಗಿ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಬಾಯಿ ಜೋತರೂ ಹಣೆಯಲ್ಲಿ ಸುಕ್ಕು ಮೂಡುತ್ತದೆ. ಬೆಲ್ಸ್ ಪಾಲ್ಸಿ ಅನ್ನೋ ಇನ್ನೊಂದು ಕಾಯಿಲೆಯಲ್ಲಿ ಸೋತಿರುವುದು ಮಿದುಳಲ್ಲ, ಮುಖದ ಒಂದು ಬದಿಯ ನರವೇ. ಆ ಬದಿಯ ಹಣೆ ನುಣ್ಣಗೆ ಉಳಿಯುತ್ತದೆ, ಕಣ್ಣು ಮುಚ್ಚಲು ಹೋದರೆ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಮಾತ್ರ ಕಾಣುತ್ತದೆ. ಕಿವಿ ಹಿಂದಿನ ನೋವೂ ಇದಕ್ಕೇ ಹೊಂದುತ್ತದೆ. ರುಚಿ ಕೆಟ್ಟಿದೆಯಾ ಅಂತಲೂ ಕೇಳಿ. ಆದರೆ ಮಿದುಳುಕಾಂಡದ (ಮಿದುಳಿನ ಬುಡದ ಭಾಗದ) ಸ್ಟ್ರೋಕ್‌ನಲ್ಲೂ ಕೆಲವೊಮ್ಮೆ ಹಣೆ ಸೋಲುತ್ತದೆ. ಹಣೆಯೊಂದನ್ನೇ ನಂಬಿ ಸುಮ್ನೆ ಮನೆಯಲ್ಲಿ ಇರಬೇಡಿ.

ಇವತ್ತೇ ಡಾಕ್ಟರಿಗೆ ತೋರಿಸಿ. ಬೆಲ್ಸ್ ಪಾಲ್ಸಿ ಆಗಿದ್ದರೆ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ. ಕಿವಿಯೊಳಗೆ ನೀರುಗುಳ್ಳೆ ಇದ್ದರೆ ಅದು ಸರ್ಪಸುತ್ತಿನ ವೈರಸ್ ಇರಬಹುದು, ಆಗ ವೈರಸ್‌ಗೂ ಔಷಧಿ ಬೇಕು. ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಸೋಲು ವಾರಗಟ್ಟಲೆ ನಿಧಾನವಾಗಿ ಜಾಸ್ತಿಯಾದರೆ, ಇಲ್ಲವೇ ಮೂರು ತಿಂಗಳಾದರೂ ಚೇತರಿಕೆ ಕಾಣದಿದ್ದರೆ ಮಾಡಿಸಲೇಬೇಕು.

ಕಣ್ಣನ್ನು ಮಾತ್ರ ಮರೆಯಬೇಡಿ. ಹಗಲು ಒಣಗದಂತೆ ಡ್ರಾಪ್ಸ್, ರಾತ್ರಿ ಕಣ್ಣಿನ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್. ಟೇಪ್ ಅಂಟಿಸುವ ರೀತಿಯನ್ನು ಡಾಕ್ಟರ ಹತ್ತಿರವೇ ಕೇಳಿ ಕಲಿಯಿರಿ.