ಪರೀಕ್ಷಾ ದೀಪಗಳಿಂದ ಕೊಠಡಿ ಎಷ್ಟು ಬಿಸಿಯಾಗುತ್ತದೆ?

ಪ್ರಶ್ನೆ: ಸೌರ ಫಲಕಗಳನ್ನು ಪರೀಕ್ಷಿಸಲು 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯಲ್ಲಿ 500 ವ್ಯಾಟಿನ 8 ಹ್ಯಾಲೊಜನ್ ದೀಪಗಳನ್ನು ಅಳವಡಿಸಬೇಕೆಂದಿದ್ದೇವೆ. ಬೆಳಕಾಗಿ ಹೋಗುವ ಪಾಲನ್ನು ಕಳೆದು ಉಳಿದದ್ದನ್ನಷ್ಟೇ ಶಾಖವೆಂದು ಎಣಿಸಬೇಕೆ? ಎಷ್ಟು ಸಾಮರ್ಥ್ಯದ ಎಸಿ ಬೇಕು?

ಉತ್ತರ: ಏನನ್ನೂ ಕಳೆಯಬೇಡಿ. ದೀಪದಿಂದ ಹೊರಟ ಬೆಳಕು ಗೋಡೆ, ನೆಲ, ಫಲಕಗಳ ಮೇಲೆ ಬಿದ್ದು ಹೀರಲ್ಪಟ್ಟು ಕೊನೆಗೆ ಶಾಖವೇ ಆಗುವುದರಿಂದ, ಕಿಟಕಿಯ ಮೂಲಕ ಹೊರಗೆ ಹೋಗುವ ಅಲ್ಪ ಭಾಗವನ್ನು ಬಿಟ್ಟರೆ, ಪೂರ್ತಿ 4,000 ವ್ಯಾಟ್ ಕೊಠಡಿಯೊಳಗೇ ಉಳಿಯುತ್ತದೆ. ಫಲಕ ಉತ್ಪಾದಿಸುವ ವಿದ್ಯುತ್ತನ್ನು ಅದೇ ಕೊಠಡಿಯ ರೆಸಿಸ್ಟರಿನಲ್ಲಿ ವ್ಯಯಿಸಿದರೆ ಅದೂ ಶಾಖವಾಗಿ ಮರಳುತ್ತದೆ.

ನಿಮ್ಮ ಕೊಠಡಿಯ 60 ಘನ ಮೀಟರ್ ಗಾಳಿಯ ತೂಕ ಸುಮಾರು 72 ಕಿಲೋಗ್ರಾಂ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 1,000 ಜೂಲ್ ಸಾಕಾಗುವುದರಿಂದ, ಶಾಖವೆಲ್ಲ ಗಾಳಿಗೇ ಸೇರುವುದಾದರೆ 18 ಸೆಕೆಂಡಿಗೊಮ್ಮೆ ಒಂದು ಡಿಗ್ರಿ, ಅಂದರೆ 10 ನಿಮಿಷದಲ್ಲಿ 33 ಡಿಗ್ರಿ ಏರಿಕೆಯಾಗಬೇಕು. ವಾಸ್ತವದಲ್ಲಿ ಏರಿಕೆ ಇದಕ್ಕಿಂತ ನಿಧಾನ. ಹ್ಯಾಲೊಜನ್ ದೀಪದ ಶಕ್ತಿಯ ಬಹುಪಾಲು ಅವಕೆಂಪು ವಿಕಿರಣವಾಗಿ ನೇರವಾಗಿ ಗೋಡೆಗಳನ್ನು ಸೇರುತ್ತದೆ, ಗೋಡೆಗಳಿಗೋ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುವ ಶಕ್ತಿಯಿದೆ. ಆದರೆ ಇದನ್ನು ನಂಬಿ ದೀರ್ಘಕಾಲ ದೀಪ ಉರಿಸಬಾರದು, ಏಕೆಂದರೆ ಗೋಡೆ ಕಾದ ಮೇಲೆ ದೀಪ ಆರಿಸಿದರೂ ಕೊಠಡಿ ಬೇಗ ತಣಿಯುವುದಿಲ್ಲ.

ಎಸಿಯ ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ದೀಪಗಳಿಗೇ 1.14 ಟನ್ ಬೇಕಾಗುತ್ತದೆ. ಒಳಗಿರುವ ಜನ, ಉಪಕರಣಗಳು, ಹೊರಗಿನ ಸೆಕೆ ಇವನ್ನೂ ಸೇರಿಸಿದರೆ 1.5 ಟನ್ನಿಗಿಂತ ಕಡಿಮೆಯದನ್ನು ನಾನು ಸೂಚಿಸಲಾರೆ. ಎಸಿಯ ಬದಲು ಎಕ್ಸಾಸ್ಟ್ ಫ್ಯಾನ್ ಬಳಸುವುದಾದರೆ, ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಿರಲು ಗಂಟೆಗೆ ಸುಮಾರು 1,200 ಘನ ಮೀಟರ್ ಗಾಳಿ ಹೊರಹೋಗಬೇಕು, ಅಷ್ಟೇ ಗಾಳಿ ಒಳಬರಲು ದಾರಿಯೂ ಇರಬೇಕು. ಮುಚ್ಚಿದ ಕೊಠಡಿಯಲ್ಲಿ ಸೀಲಿಂಗ್ ಫ್ಯಾನ್ ತಿರುಗಿಸಿದರೆ ಅದರ ಮೋಟಾರಿನ ಶಾಖವೂ ಸೇರುತ್ತದೆಯೇ ಹೊರತು ಕೊಠಡಿಯ ಶಾಖ ಕಡಿಮೆಯಾಗುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಅಳತೆ ಕೆಡುವುದು ಅಲ್ಲಿಯೇ. ಕೊಠಡಿಗಿಂತ ಮೊದಲು ಕಾಯುವುದು ಫಲಕ. ಪ್ರಮಾಣಿತ ಪರೀಕ್ಷೆಗೆ ಚದರ ಮೀಟರಿಗೆ 1,000 ವ್ಯಾಟ್ ಬೆಳಕಿರಬೇಕು, ಫಲಕದ ಕೋಶಗಳು 25 ಡಿಗ್ರಿಯಲ್ಲಿರಬೇಕು. ಅಷ್ಟು ಬೆಳಕಿನಡಿ ಗಾಜಿನ ಫಲಕದ ತಾಪ ಆರಂಭದಲ್ಲಿ ನಿಮಿಷಕ್ಕೆ ಸುಮಾರು 4–5 ಡಿಗ್ರಿ ಏರುತ್ತದೆ. ಸಿಲಿಕಾನ್ ಫಲಕದ ಉತ್ಪಾದನೆಯಾದರೋ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಕುಸಿಯುತ್ತದೆ. ಆದ್ದರಿಂದಲೇ ಕಾರ್ಖಾನೆಗಳಲ್ಲಿ ಕೆಲವು ಮಿಲಿಸೆಕೆಂಡುಗಳಷ್ಟೇ ಮಿಂಚುವ ಕ್ಸೆನಾನ್ ದೀಪಗಳನ್ನು ಬಳಸುತ್ತಾರೆ. ನಿಮ್ಮ ದೀಪಗಳಿಂದಲೇ ಕೆಲಸವಾಗಬೇಕಾದರೆ ಫಲಕದ ಹಿಂಬದಿಗೆ ತಾಪಮಾಪಕವನ್ನು ಅಂಟಿಸಿ, ದೀಪ ಹೊತ್ತಿಸಿದ ಕೆಲವೇ ಸೆಕೆಂಡುಗಳಲ್ಲಿ ಅಳತೆ ಮುಗಿಸಿ, ಪ್ರತಿ ಅಳತೆಯ ಜೊತೆಗೆ ಆ ಕ್ಷಣದ ತಾಪವನ್ನೂ ಬರೆದಿಟ್ಟುಕೊಳ್ಳಿ.