ಪ್ರೆಸ್ ಕಾರ್ಡ್ ಇಲ್ಲದೆ ಬರೆಯಬಹುದಾ?

ಸರ್, ಸೋಮವಾರಪೇಟೆ ಕಡೆಯ ಲೈನ್‌ಮನೆಗಳಿಗೆ (ತೋಟದ ಕಾರ್ಮಿಕರ ಸಾಲುಮನೆಗಳಿಗೆ) ಬರುವ ಕೆಸರು ನೀರಿನ ಬಗ್ಗೆ ನಿಮ್ಮ ಬ್ಲಾಗಿನಲ್ಲಿ ಬರೆದಿದ್ದಕ್ಕೆ "ಪ್ರೆಸ್ ಕಾರ್ಡ್ ಇಲ್ಲದವನು ಬರೆಯೋ ಹಾಗಿಲ್ಲ, ಕೇಸ್ ಹಾಕ್ತೀವಿ" ಅಂತ ಹೆದರಿಸಿದ್ದಾರೆ, ಅಳಿಸಬೇಕಾ ಎಂದು ಕೇಳಿದ್ದೀರಿ. ಅಳಿಸಬೇಡಿ.

ಬರೆಯಲು ಯಾವ ಕಾರ್ಡೂ ಬೇಡ. ಸಂವಿಧಾನದ 19(1)(ಎ) ವಿಧಿ ಮಾತಿನ ಹಕ್ಕು ಕೊಟ್ಟಿರುವುದು ಎಲ್ಲ ನಾಗರಿಕರಿಗೆ. ಪತ್ರಿಕೆಯವರು ಬರೆಯುವುದೂ ಇದೇ ಹಕ್ಕಿನ ಮೇಲೆ, ಅವರಿಗೆಂದು ಬೇರೆ ವಿಧಿ ಇಲ್ಲ. ಆನ್‌ಲೈನ್‌ನಲ್ಲಿ ಬರೆದವರ ಮೇಲೆ ಹಾಕುತ್ತಿದ್ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ.

ಆದರೆ ಮಾನನಷ್ಟದ ಕೇಸ್ ಈಗಲೂ ಹಾಕಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, 2 ವರ್ಷದವರೆಗೆ ಶಿಕ್ಷೆ. ಬರೆದದ್ದು ನಿಜ ಅಂತಷ್ಟೇ ಅಲ್ಲ, ಜನರ ಒಳಿತಿಗೆ ಬೇಕಿತ್ತು ಅಂತಲೂ ತೋರಿಸಬೇಕಾಗುತ್ತದೆ. ಹಾಗಾಗಿ "ದುಡ್ಡು ತಿಂದಿದ್ದಾರೆ" ಅಂತ ಆಧಾರವಿಲ್ಲದೆ ಒಂದು ಸಾಲು ಸೇರಿದ್ದರೆ ಅದನ್ನು ತೆಗೆಯಿರಿ. ಬಾಟಲಿಯಲ್ಲಿ ಹಿಡಿದ ಕೆಂಪು ನೀರಿನ ಫೋಟೋ ಇರಲಿ, ಕೆಳಗೆ ತಾರೀಕು ಹಾಕಿ, ತಳದಲ್ಲಿ ಕೂತ ಮಣ್ಣು ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಪಂಚಾಯಿತಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪೈಪ್ ಕೆಲಸದ ಬಿಲ್ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡದ ಬರೆ ಕುಸಿಯುತ್ತಿದ್ದಾಗ ಯಾವ ರಸ್ತೆಯಲ್ಲಿ ಹೋಗಬಹುದು ಎಂದು ನಮ್ಮ ಮನೆಯವರಿಗೆ ಮೊದಲು ಗೊತ್ತಾದದ್ದು ಅಲ್ಲೇ ನಿಂತು ಬರೆದವರಿಂದ. ಅವರಲ್ಲಿ ಯಾರ ಹತ್ತಿರವೂ ಕಾರ್ಡ್ ಇರಲಿಲ್ಲ. ಮುಂದೆ ನಿಮ್ಮನ್ನು ಹೆದರಿಸಿದವರು ನೋಟಿಸ್ ಕಳಿಸಿದರೆ ಸುಮ್ನೆ ಕೂರಬೇಡಿ, ಮಡಿಕೇರಿ ಕೋರ್ಟಿನಲ್ಲಿರುವ ಉಚಿತ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ತೋರಿಸಿ.